ಕಿಟಕಿ ಕೊರೆದ ಕೊಡ

ಶ್ರೀಶೈಲಪ್ಪ ಒಂದು ಬೆಂಕಿಪೊಟ್ಟಣ ಖರ್ಚು ಮಾಡುವುದಕ್ಕೂ ಮೂರು ಕಾರಣ ಕೇಳುವ ಮನುಷ್ಯ. ಕಿರಾಣಿ ಅಂಗಡಿ ಅವನದೇ, ಪೊಟ್ಟಣವೂ ಅವನದೇ. ಆದರೂ ಹೆಂಡತಿ ಸಿದ್ದಲಿಂಗವ್ವ ಹಳೆಯದು ಹೇಗೆ ತೀರಿತು, ಒಲೆಯಲ್ಲಿ ಕೆಂಡ ಯಾಕೆ ಉಳಿಯಲಿಲ್ಲ, ನೆರೆಮನೆಯಿಂದ ಬೆಂಕಿ ಯಾಕೆ ತರಬಾರದು ಎಂಬ ಮೂರಕ್ಕೂ ಉತ್ತರ ಕೊಟ್ಟ ಮೇಲೆಯೇ ಪೊಟ್ಟಣ ಕೈ ಬದಲಿಸುತ್ತಿತ್ತು. ನಾನು ಇಂಡಿಯಿಂದ ತಂಗಡಗಿಗೆ ಪೋಸ್ಟ್ ಮಾಸ್ತರನಾಗಿ ಬಂದು ಅವರ ಪಡಸಾಲೆಗೆ ಹತ್ತಿದ ಕೋಣೆಯಲ್ಲಿ ಬಾಡಿಗೆಗಿದ್ದೆ. ನಡುವಿನ ಗೋಡೆ ಮಾಳಿಗೆಗೆ ಮುಟ್ಟಿರಲಿಲ್ಲ. ಮುಟ್ಟಿಸದೆ ಬಿಟ್ಟದ್ದಕ್ಕೂ ಶ್ರೀಶೈಲಪ್ಪನ ಹತ್ತಿರ ಮೂರು ಕಾರಣಗಳಿದ್ದವು. ಹೀಗಾಗಿ ಆ ಮನೆಯ ಮಾತಿಗೆ ನಾನು ಕಿವಿಗೊಡುವ ಪ್ರಸಂಗವೇ ಬರುತ್ತಿರಲಿಲ್ಲ. ತಾನಾಗಿಯೇ ಕೇಳಿಸುತ್ತಿತ್ತು; ಬೇಡವೆಂದರೆ ಎದ್ದು ಹೊಳೆಯ ದಂಡೆಗೆ ಹೋಗಬೇಕಾಗಿತ್ತು.

ಅಂಥ ಮನುಷ್ಯ ಎಪ್ಪತ್ನಾಲ್ಕರ ಶ್ರಾವಣದಲ್ಲಿ, ಒಂದು ದಿನವೂ ನೀರು ಕಾಣದ ಹಿತ್ತಾಳೆಯ ಕೊಡಕ್ಕೆ ಕಿಟಕಿ ಕೊರೆಸಿದ.

ಅದರ ಹಿಂದಿನ ಚಳಿಗಾಲ ಮುದ್ದೇಬಿಹಾಳದಲ್ಲಿ ಒಂದು ನಾಟಕ ಕಂಪನಿ ಡೇರೆ ಹಾಕಿತ್ತು. ಆಟದ ಹೆಸರು ‘ಚಂದ್ರಲೋಕದ ಅಳಿಯ’. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ನಾಲ್ಕು ವರ್ಷವಾಗಿತ್ತು. ನಮ್ಮ ಕಡೆ ಸುದ್ದಿ ನಾಟಕವಾಗಲಿಕ್ಕೆ ಅಷ್ಟು ಹೊತ್ತು ಬೇಕು. ರಾಕೆಟ್ಟಿನಲ್ಲಿ ಹೋದ ಅಳಿಯ ಅಲ್ಲಿಯ ರಾಜಕುಮಾರಿಯ ಕೂಡ ಎರಡನೆಯ ಸಂಸಾರ ಹೂಡುತ್ತಾನೆ, ಅತ್ತೆ ಮಾವ ಬುತ್ತಿ ಕಟ್ಟಿಕೊಂಡು ಹುಡುಕುತ್ತ ಹೋಗುತ್ತಾರೆ. ವಿಜ್ಞಾನ ಇದ್ದದ್ದು ಇಷ್ಟು. ಆದರೆ ಅಳಿಯನ ತಲೆಯ ಮೇಲಿನ ಟೊಪ್ಪಿಗೆ ಮಾತ್ರ ಜನ ಎದ್ದು ನಿಂತು ನೋಡುವಂಥದ್ದು. ರಟ್ಟಿನ ದೊಡ್ಡ ಗುಂಡು, ಮೇಲೆ ಬೇಗಡೆ, ಮುಖದ ಮುಂದೆ ಚೌಕದ ಕಿಟಕಿ, ಒಳಗೆ ಬ್ಯಾಟರಿಯ ಬಲ್ಬು. ಬಲ್ಬು ಹತ್ತಿತೆಂದರೆ ಕತ್ತಲೆಯಲ್ಲಿ ಒಂದು ಮುಖ ಅಷ್ಟೇ ತೇಲುತ್ತಿತ್ತು.

ಶ್ರೀಶೈಲಪ್ಪನ ಒಬ್ಬಳೇ ಮಗಳು ಹೊನ್ನವ್ವನಿಗೆ ಆಗ ಹತ್ತು ವರ್ಷ. ಆಟ ನೋಡಿ ಬಂದ ಮೇಲೆ ಆಕೆ ಕಾಳಿನ ಬುಟ್ಟಿ ತಲೆಗೆ ಕವುಚಿಕೊಂಡು, ಹತ್ತರಿಂದ ಹಿಂದಕ್ಕೆ ಎಣಿಸಿ, ಕಟ್ಟೆಯಿಂದ ಜಿಗಿಯತೊಡಗಿದಳು. ಪಾಟಿಯ ಮೇಲೆಲ್ಲ ಅದೇ ಗುಂಡಿನ ಚಿತ್ರ. ಒಮ್ಮೆ ನನ್ನ ಕೋಣೆಗೆ ಬಂದು, ಚಂದ್ರಲೋಕಕ್ಕೆ ಕಾರ್ಡು ಹಾಕಿದರೆ ಎಷ್ಟು ಪೈಸೆ ಹತ್ತುತ್ತದೆ ಎಂದು ಕೇಳಿದಳು. “ವಿಚಾರಿಸಿ ಹೇಳ್ತೇನವ್ವಾ,” ಅಂದಿದ್ದೆ.

ಜ್ಯೇಷ್ಠದಲ್ಲಿ ಹನ್ನೊಂದು ದಿನ ಜ್ವರ ಬಂದು ಹೊನ್ನವ್ವ ತೀರಿಕೊಂಡಳು. ಅದರ ಬಗ್ಗೆ ನನಗೆ ಬರೆಯಲಿಕ್ಕೆ ಬೇರೆ ಏನೂ ಇಲ್ಲ.

ನಮ್ಮ ಕಡೆ ಹೆಣ್ಣು ಹುಟ್ಟಿದ ವರ್ಷವೇ ತಾಯಿ ಆಕೆಯ ಮದುವೆಗೆ ಭಾಂಡೆ ಕೂಡಿಸಲು ಶುರು ಮಾಡುತ್ತಾಳೆ. ವರ್ಷಕ್ಕೊಂದು ತಪ್ಪಲಿಯೋ, ತಂಬಿಗೆಯೋ, ಕೈ ತುಂಬಿದ ವರ್ಷ ಒಂದು ಕೊಡವೋ. ಕೊಂಡದ್ದರ ಮೇಲೆ ಹೆಸರು ಕೊರೆಸದೆ ಅಂಗಡಿಯ ಹೊಸ್ತಿಲು ದಾಟಿಸುವಂತಿಲ್ಲ. ಮದುವೆಯ ಭಾಂಡೆಯಾದರೆ ಹೆಸರಿನ ಮುಂದೆ ‘ಚಿ. ಸೌ.’, ಅಂದರೆ ಚಿರಂಜೀವಿ ಸೌಭಾಗ್ಯವತಿ. ತೀರಿಕೊಂಡವರ ನೆನಪಿಗೆ ಮಠಕ್ಕೆ ಕೊಡುವುದಾದರೆ ‘ಲಿಂ.’, ಅಂದರೆ ಲಿಂಗೈಕ್ಯ. ಸಿದ್ದಲಿಂಗವ್ವ ಕೂಡಿಸಿದ ಹತ್ತು ಭಾಂಡೆ ಅರಿವೆ ಸುತ್ತಿಕೊಂಡು ನಡುಮನೆಯ ಅಟ್ಟದ ಮೇಲೆ ಕೂತಿದ್ದವು. ಶ್ರಾವಣದ ಒಂದು ಬೆಳಿಗ್ಗೆ ಆಕೆ ನೋಡಿದರೆ ಏಳು.

“ಅಟ್ಟದ ಮ್ಯಾಲಿನ ಕೊಡಾ ಎಲ್ಲೈತ್ರಿ?” ಗೋಡೆಯ ಆಚೆ ಆಕೆಯ ದನಿ.

“ಮುದ್ದೇಬಿಹಾಳಕ ಒಯ್ಯಾಕ ಕಟ್ಟಿಟ್ಟೇನಿ. ಎರಡ ತಪ್ಪಲಿನೂ.”

“ಮಾರಾಕೇನು?”

“ಮಾರಾಕಲ್ಲ. ಕೊಡದ್ದೊಂದು ಟೊಪಗಿ ಮಾಡಸ್ತೇನಿ. ನಾಟಕದಾಗ ನೋಡಿದ್ಲಲ್ಲ, ಅಂಥಾದ್ದು. ತಪ್ಪಲಿ ಮಜೂರಿಗಿ.”

ಆಕೆ ಅಟ್ಟದ ಏಣಿ ಇಳಿದ ಸಪ್ಪಳವಾಯಿತು. ಆಮೇಲೆ, “ಯಾಕ?”

“ಒಂದು, ಕೊಡಾ ಕುಂತಲ್ಲೇ ಕಿಲುಬ ಹಿಡ್ಯಾಕತ್ತೈತಿ. ಎರಡು, ಹಿತ್ತಾಳಿ ಏನ ಮಾಡಿದ್ರೂ ಹಿತ್ತಾಳಿನ, ರೊಕ್ಕ ನೀರಾಗ ಹಾಕಿದಂಗಲ್ಲ. ಮೂರು, ಸಾಲ್ಯಾಗ ವಿಜ್ಞಾನದ ಪ್ರದರ್ಶನಕ್ಕ ಬರ್ತೈತಿ. ಧರೆಪ್ಪ ಮಾಸ್ತರ ಕೇಳ್ಯಾರ.”

“ಧರೆಪ್ಪ ಮಾಸ್ತರ ಕೇಳಿದ್ರಾ?”

“ಕೇಳ್ತಾರ.”

“ನಾ ಕೇಳಿದ್ದು ಯಾಕಂತ. ಒಂದ ಹೇಳ್ರಿ ಸಾಕು. ಮೂರು ಬ್ಯಾಡ.”

ಒಂದು ಅವನ ಹತ್ತಿರ ಇರಲಿಲ್ಲ. ಇದ್ದರೂ ಬಾಯಿಗೆ ಬರಲಿಲ್ಲ. ಆಕೆಗೆ ಕೊಡ ಹೋದ ಸಿಟ್ಟಿಗಿಂತ ಉತ್ತರ ಬಾರದ ಸಿಟ್ಟು ದೊಡ್ಡದಾಗಿತ್ತು. ಅವತ್ತಿನಿಂದ ರೊಟ್ಟಿ ತಟ್ಟಿ ಅವನ ಮುಂದಿಟ್ಟು, ತಾನು ಹಿತ್ತಲಿಗೆ ಹೋಗಿ ಕೂಡುತ್ತಿದ್ದಳು.

ಮುದ್ದೇಬಿಹಾಳದ ಬಜಾರಿನಲ್ಲಿ ಚಮನಸಾಬನದು ಹಿತ್ತಾಳೆ ಭಾಂಡೆಯ ಅಂಗಡಿ. ಮಾಡುವವನೂ ಅವನೇ, ಮಾರುವವನೂ ಅವನೇ. ನಲವತ್ತು ವರ್ಷ ತಗಡು ಬಡಿದು ಕಿವಿ ಹೋಗಿದ್ದವು. ಅವನ ಅಂಗಡಿಯಲ್ಲಿ ವ್ಯಾಪಾರವೆಂದರೆ ಗಿರಾಕಿ ಕೂಗಬೇಕು, ಅವನು ತನಗೆ ಕೇಳಿಸಿದಷ್ಟಕ್ಕೆ ಉತ್ತರ ಕೊಡಬೇಕು, ಉಳಿದದ್ದನ್ನು ಇಬ್ಬರೂ ಬಿಟ್ಟುಕೊಡಬೇಕು. ನನಗೂ ಮುದ್ದೇಬಿಹಾಳದಲ್ಲಿ ಕೆಲಸವಿತ್ತೆಂದು ಶ್ರೀಶೈಲಪ್ಪನ ಜೊತೆ ಹೋಗಿದ್ದೆ.

“ಬರ್ರಿ ಸಾವಕಾರ್ರ. ಇದು ನಮ್ಮ ಕೊಡಾನಽ ಅಲ್ಲೇನ್ರಿ? ಸೋರಾಕತ್ತಿತೇನು?”

ಶ್ರೀಶೈಲಪ್ಪ ಕಾಗದದ ಮೇಲೆ ಬರೆದು ತಂದಿದ್ದ ಚಿತ್ರ ತೋರಿಸಿದ. ಚಮನಸಾಬ ಅದನ್ನು ಉದ್ದ, ಅಡ್ಡ, ತಲೆಕೆಳಗು ಹಿಡಿದು ನೋಡಿದ.

“ಕಿಟಕಿ ಕೊರದ್ರ ನೀರ ನಿಲ್ಲಂಗಿಲ್ರಿ.”

“ನೀರಿಗಲ್ಲೋ, ತಲಿಗಿ,” ಎಂದು ಶ್ರೀಶೈಲಪ್ಪ ಕೂಗಿದ. “ನಾಟಕದ ಟೊಪಗಿ. ಚಂದ್ರಗ ಹೋಗೂದು.”

“ನೋಡೇನ್ರಿ ಆ ನಾಟಕ,” ಅಂದ ಚಮನಸಾಬ. “ಏನೂ ಕೇಳಸ್ಲಿಲ್ಲ, ಆದ್ರ ಭಾಳ ಛಲೋ ಇತ್ತು. ಅಸಲಿ ರಟ್ಟಿಂದ್ರಿ. ಎರಡ ರೂಪಾಯಿ ಮಾಲು. ನೀವು ಹಿತ್ತಾಳ್ಯಾಗ ನಕಲಿ ಮಾಡಸ್ತೀರಿ. ಅಸಲಿಗಿಂತ ನಕಲಿ ತುಟ್ಟಿ ಆಗೂದು ನಾ ಇದಽ ಮದ್ಲ ನೋಡಿದ್ದು. ಯಾರ ತಲಿಗಿ?”

ಶ್ರೀಶೈಲಪ್ಪ ಕಿಸೆಯಿಂದ ಒಂದು ಕೆಂಪು ರಿಬ್ಬನ್ ತೆಗೆದ. ಅದಕ್ಕೆ ಎರಡು ಕಡೆ ಗಂಟು ಹಾಕಿದ್ದ. ಗಂಟಿನಿಂದ ಗಂಟಿಗೆ ಹೊನ್ನವ್ವನ ತಲೆಯ ಸುತ್ತಳತೆ. ಯಾವಾಗ ಅಳತೆ ಮಾಡಿದ್ದನೋ ನಾನು ಕೇಳಲಿಲ್ಲ.

“ಓ, ನಮ್ಮ ಹೊನ್ನವ್ವಗೇನು?” ಚಮನಸಾಬನ ಮುಖ ಅರಳಿತು. ಆ ಹತ್ತೂ ಭಾಂಡೆಯ ಮೇಲೆ ಆ ಹೆಸರು ಕೊರೆದವನು ಅವನೇ. ರಿಬ್ಬನ್ನಿನ ಗಂಟು ಹಿಡಿದು ಕೊಡದ ಮೇಲಿಟ್ಟ. ಮತ್ತೆ ಎರಡು ಬೆರಳು ಬಿಟ್ಟು ಆಚೆಗೆ ಸೀಮೆಸುಣ್ಣದಿಂದ ಗುರುತು ಹಾಕಿದ. “ಬೆಳ್ಯೂ ಹುಡುಗಿ. ಎರಡ ಬಟ್ಟ ದೊಡ್ಡದ ಇರ್ಲಿ. ಇಲ್ಲಂದ್ರ ಬರೂ ವರ್ಷ ಕಿವಿ ಸಿಗಬೀಳ್ತಾವ, ಮತ್ತ ನನಗಽ ಬೈತೀರಿ.”

ಶ್ರೀಶೈಲಪ್ಪ ಬಾಯಿ ತೆರೆದ. ಎಡಕ್ಕೆ ಬಟ್ಟೆ ಅಂಗಡಿಯವನು ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದ. ಬಲಕ್ಕೆ ಇಬ್ಬರು ಹೆಂಗಸರು ಕಲಾಯಿ ಹಾಕಿಸಲು ತಂದ ಪಾತ್ರೆ ಹಿಡಿದು ನಿಂತಿದ್ದರು. ಮಗಳು ಸತ್ತಳೆಂಬ ಮಾತನ್ನು ಅಷ್ಟು ಜನರ ನಡುವೆ ಕೂಗಿ ಹೇಳಬೇಕಾಗಿತ್ತು. ಮೊದಲನೆಯ ಸಲ ಕೇಳಿಸದಿದ್ದರೆ ಇನ್ನೊಂದು ಸಲ ಕೂಗಬೇಕಾಗಿತ್ತು.

“ಇರ್ಲಿ,” ಅಂದ. ಅದನ್ನು ಮಾತ್ರ ಮೆತ್ತಗೆ ಅಂದ. ಚಮನಸಾಬನಿಗೆ ಅದು ಕೇಳಿಸಿತು.

ಟೊಪ್ಪಿಗೆ ತಯಾರಾಗಲು ಇಪ್ಪತ್ತು ದಿನ ಬೇಕಾಯಿತು. ಅಷ್ಟರಲ್ಲಿ ತಂಗಡಗಿಗೆಲ್ಲ ಸುದ್ದಿ. ಬಂದವರಿಗೆಲ್ಲ ಶ್ರೀಶೈಲಪ್ಪ ಕಾರಣ ತೂಗಿ ಕೊಡುತ್ತಿದ್ದ. ಧರೆಪ್ಪ ಮಾಸ್ತರರಿಗೆ ವಿಜ್ಞಾನದ ಪ್ರದರ್ಶನ. ಜೇನು ಬಿಡಿಸುವ ಮಾನಪ್ಪನಿಗೆ, ಮುಖಕ್ಕೆ ಹುಳ ಕಡಿಯದಂತೆ ಒಂದು ಉಪಾಯ. (“ಕಿಟಕಿಯಾಗಿಂದ ಬರಂಗಿಲ್ಲೇನ್ರಿ ಹುಳ?” ಎಂದು ಮಾನಪ್ಪ ಕೇಳಿದ. “ಅದಕ್ಕ ಜಾಳಗಿ ಹಾಕಸ್ತೇನಿ,” ಅಂದ ಇವನು.) ಮಠದ ಅಯ್ಯನವರಿಗೆ, ಕಿಟಕಿ ಮುಚ್ಚಿಸಿದರೆ ಮುಂದೆ ಗುಡಿಯ ಕಳಸಕ್ಕಾದರೂ ಆದೀತು ಎಂಬ ಆಶ್ವಾಸನೆ. ಹನ್ನೆರಡು ಕಾರಣಗಳ ತನಕ ನಾನು ಲೆಕ್ಕ ಇಟ್ಟಿದ್ದೆ, ಆಮೇಲೆ ಬಿಟ್ಟೆ. ಹನ್ನೆರಡೂ ಚೆನ್ನಾಗಿದ್ದವು. ಒಂದರಲ್ಲೂ ಹೊನ್ನವ್ವ ಇರಲಿಲ್ಲ.

ತರಲಿಕ್ಕೂ ನಾವಿಬ್ಬರೇ ಹೋದೆವು. ಕೊಡವನ್ನು ಕವುಚಿ, ಬುಡವನ್ನು ನೆತ್ತಿ ಮಾಡಿ, ಕಂಠ ಕತ್ತರಿಸಿ ತಲೆ ತೂರುವಷ್ಟು ಬಾಯಿ ತೆಗೆದಿದ್ದ ಚಮನಸಾಬ. ಕಿಟಕಿಯ ಅಂಚು ಕೈಗೆ ತಾಗದಂತೆ ಮಡಿಚಿದ್ದ. ಹುಣಸೆಹುಳಿ ಹಚ್ಚಿ ತಿಕ್ಕಿದ್ದು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ನಿಜ ಹೇಳಬೇಕೆಂದರೆ ನಾಟಕದ ಟೊಪ್ಪಿಗೆ ಇದರ ಮುಂದೆ ಬಡಪಾಯಿ.

“ಹೆಸರ ಕಂಠದ ಮ್ಯಾಲಿತ್ರಿ, ಕತ್ತರಿಸಿ ಹೋತು. ಹೆಸರಿಲ್ದ ಹೆಂಗ ಕಳಸ್ಲಿ? ಮತ್ತ ಹೊಡದೇನಿ. ಅದಕ್ಕ ರೊಕ್ಕ ಬ್ಯಾಡ,” ಅಂದ.

ಕಿಟಕಿಯ ಮೇಲೆ, ಹಣೆ ಬರುವಲ್ಲಿ, ಚುಕ್ಕೆ ಚುಕ್ಕೆಯಾಗಿ ಮೂಡಿತ್ತು: ಚಿ. ಸೌ. ಹೊನ್ನವ್ವ.

ಶ್ರೀಶೈಲಪ್ಪ ಅದರ ಮೇಲೆ ಹೆಬ್ಬೆರಳಿಟ್ಟು ನಿಂತ.

“ತಪ್ಪಾತೇನ್ರಿ? ಒತ್ತಕ್ಷರ ಬಿಟ್ಟೇನೇನು?”

ಅವನು ತಲೆ ಅಲ್ಲಾಡಿಸಿದ. ತಪ್ಪಿಲ್ಲ.

ಬಸ್ಸಿನಲ್ಲಿ ಕಂಡಕ್ಟರ್ ಇದಕ್ಕೆ ಲಗೇಜಿನ ಟಿಕೀಟು ಬೇಕೆಂದ. ಕೊಡವಾದರೆ ಬೇಡ, ಯಂತ್ರವಾದರೆ ಬೇಕು, ಇದು ಯಾವುದು ಎಂದು ಕೇಳಿದ. ಇಂಥ ಪ್ರಶ್ನೆಗೆ ಶ್ರೀಶೈಲಪ್ಪ ಬೇರೆ ದಿನವಾದರೆ ತಂಗಡಗಿಯ ತನಕ ವಾದ ಹಾಕುತ್ತಿದ್ದ. ಸುಮ್ಮನೆ ದುಡ್ಡು ತೆಗೆದು ಕೊಟ್ಟ. ದಾರಿಯುದ್ದಕ್ಕೂ ಟೊಪ್ಪಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಿಟಕಿಯನ್ನು ಹೊರಗಿನ ಹೊಲದ ಕಡೆ ಮಾಡಿ ಹಿಡಿದಿದ್ದ.

ಮನೆಯಲ್ಲಿ ಸಿದ್ದಲಿಂಗವ್ವ ಜೋಳ ಹಸನು ಮಾಡುತ್ತಿದ್ದಳು. ಮೊರ ಬದಿಗಿಟ್ಟು ಅದನ್ನು ಕೈಗೆ ತೆಗೆದುಕೊಂಡಳು. ಒಳಗೆ ಕೈ ಹಾಕಿ ನೋಡಿದಳು. ಆಮೇಲೆ ಹೊರಗೆ ಸವರುತ್ತ ಬಂದು ಹೆಸರಿನ ಮೇಲೆ ನಿಂತಳು. ಆಕೆಗೆ ಓದು ಬರುವುದಿಲ್ಲ.

“ಮಾಸ್ತರ, ಏನ ಬರದೈತ್ರಿ ಇದು?” ಎಂದು ನನ್ನನ್ನು ಕೇಳಿದಳು.

“ಹೊನ್ನವ್ವ ಅಂತ ಐತಿ, ವೈನಿ.”

ಆಕೆ ಮತ್ತೊಮ್ಮೆ ಬೆರಳು ಆಡಿಸಿದಳು. “ಮದಲಿನವ ಎರಡ ಬಿಟ್ಟ ಓದಿದ್ರಿ.”

ಹತ್ತು ವರ್ಷ, ಹತ್ತು ಭಾಂಡೆ. ಅಕ್ಷರ ಬಾರದಿದ್ದರೂ ಆ ಎರಡರ ಆಕಾರ ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನನಗೆ ನಾಚಿಕೆಯಾಯಿತು. “ಚಿ. ಸೌ.,” ಎಂದು ಓದಿದೆ.

ಆಕೆ ಗಂಡನ ಕಡೆ ತಿರುಗಿದಳು. “ನೀವಽ ಬರಸಿದ್ರೇನು?”

“ಇಲ್ಲ. ಅಂವಾ ಬರದಾನ. ಅಂವಗ ಗೊತ್ತಿಲ್ಲ.”

“ಹೇಳ್ಲಿಲ್ಲೇನು?”

“ಒದರಿ ಹೇಳಬೇಕಾಗಿತ್ತು.”

“ಒಳಗ ಸಡ್ಲ ಐತಿದು.”

“ಬೆಳ್ಯೂ ಹುಡುಗಿ ಅಂತ ಎರಡ ಬಟ್ಟ ಬಿಟ್ಟಾನ.”

ಆಕೆ ಟೊಪ್ಪಿಗೆಯನ್ನು ಮಡಿಲಲ್ಲಿಟ್ಟುಕೊಂಡಳು. ನಾನು ಏಳಬೇಕೆಂದುಕೊಂಡೆ. ಆದರೆ ಆಕೆ ನನ್ನನ್ನೇ ಕುರಿತು ಮಾತಾಡಿದಳು.

“ಮಾಸ್ತರ, ಅವತ್ತ ನಾಟಕ ಮುಗದ ಮ್ಯಾಲ ಅಕಿ ಕೇಳಿದ್ಲು. ‘ಅಪ್ಪಾ, ನನಗೊಂದ ಅಂಥಾದ್ದು, ರಟ್ಟಿಂದಽ ಸಾಕು’ ಅಂದ್ಲು. ಇವರು ಏನ ಹೇಳಿದ್ರು ಕೇಳ್ರಿ.”

ನಾನು ಕೇಳಲಿಲ್ಲ. ಶ್ರೀಶೈಲಪ್ಪ ತಾನೇ ಹೇಳಿದ, ನೆಲ ನೋಡಿಕೊಂಡು, ಪಾಠ ಒಪ್ಪಿಸುವವನ ಹಾಗೆ. “ರಟ್ಟು ಮಳಿಗಿ ನೆನೀತೈತಿ. ಹೆಣ್ಣಮಕ್ಕಳಿಗಿ ಟೊಪಗಿ ಯಾಕ. ತಲಿ ಬೆಳೀತೈತಿ, ಬರೂ ವರ್ಷ ಹಿಡ್ಸಂಗಿಲ್ಲ.”

“ಇದನ್ನಽ ಹೇಳಬೇಕಾಗಿತ್ತು ನೀವು ನನಗ,” ಅಂದಳು ಸಿದ್ದಲಿಂಗವ್ವ. “ಕಿಲುಬಂತ, ಸಾಲಿಯಂತ. ಇದೊಂದ ಹೇಳಿದ್ರ ಇಡೀ ಅಟ್ಟಾನಽ ಇಳಿಸಿ ಕೊಡ್ತಿದ್ದೆ.”

ಅವನು ಅಳಲಿಲ್ಲ. ಮೊರದಲ್ಲಿದ್ದ ಜೋಳದಿಂದ ಒಂದು ಹರಳು ಆರಿಸಿ ಹೊರಗೆ ಎಸೆದ. ಮತ್ತೊಂದು ಆರಿಸಿದ.

“ಹಂಗಾದ್ರ,” ಅಂದಳು ಆಕೆ, “ಮುದ್ದೇಬಿಹಾಳದಾಗ ಅಕಿ ಇನ್ನೂ ಅದಾಳ.”

ಆಕೆ ಕಿಟಕಿಯ ಅಂಚನ್ನು ಸೆರಗಿನಿಂದ ಒರೆಸಿದಳು.

“ಇರ್ಲಿ ಬಿಡ್ರಿ. ಯಾರೂ ಹೇಳಬ್ಯಾಡ್ರಿ ಅಂವಗ.”

ಟೊಪ್ಪಿಗೆಯನ್ನು ಆಕೆ ಅಟ್ಟಕ್ಕೆ ಏರಿಸಲಿಲ್ಲ. ಪಡಸಾಲೆಯ ಗೋಡೆಯ ಗೂಡಿನಲ್ಲಿಟ್ಟಳು. ದಸರೆಯ ಮುಂದೆ ಒಂದು ದಿನ ಒಬ್ಬಳೇ ಬಸ್ಸು ಹತ್ತಿ ಮುದ್ದೇಬಿಹಾಳಕ್ಕೆ ಹೋಗಿ ಒಂದು ತಂಬಿಗೆ ತಂದಳು. ಅದರ ಮೇಲೆ ಅದೇ ಹೆಸರು, ಮುಂದೆ ಅದೇ ಎರಡು ಅಕ್ಷರ. ಯುಗಾದಿಗೆ ಹಿಟ್ಟು ನಾದುವ ಒಂದು ಪರಾತ. ಮತ್ತೆ ದಸರೆಗೆ ಒಂದು ಕೊಡ. ಒಂದೆರಡು ಸಲ ನಾನೇ ಅಂಗಡಿಯ ತನಕ ಜೊತೆಗೆ ಹೋಗಿದ್ದೇನೆ. ಕೊಳ್ಳುವುದು ಹತ್ತು ನಿಮಿಷ, ಕೂಡುವುದು ಒಂದು ತಾಸು.

“ಹುಡುಗಿ ಹೆಂಗದಾಳ್ರಿ ಅವ್ವಾರ?”

“ಅದಾಳಪ್ಪಾ.”

“ಟೊಪಗಿ ಹಿಡಸ್ತೈತಿ ಇನ್ನೂ?”

“ಈಗೀಗ ಬಿಗಿ ಆಗಾಕತ್ತೈತಿ.”

“ಹೇಳಿದ್ನಿಲ್ಲೋ ನಾ? ಸಾಲಿ ಬಿಡಸಬ್ಯಾಡ್ರಿ, ಶ್ಯಾಣ್ಯಾ ಹುಡುಗಿ.”

“ಏಳನೇತ್ತಾ ಪಾಸಾದ್ಲು,” ಅನ್ನುವಳು ಸಿದ್ದಲಿಂಗವ್ವ. ಕಿವುಡನಿಗೆ ಕೇಳಿಸಲೆಂದು ಜೋರಾಗಿ, ಬಜಾರಿಗೆಲ್ಲ ಕೇಳಿಸುವ ಹಾಗೆ. ಇದನ್ನು ಕೂಗಲು ಆಕೆಗೆ ಏನೂ ತೊಂದರೆಯಿರಲಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ಮಾತ್ರ ಹೊಸ ಭಾಂಡೆಯ ಹೆಸರಿನ ಮೇಲೆ ಬೆರಳಾಡಿಸುತ್ತ ಕೂಡುತ್ತಿದ್ದಳು.

ಬೆಂಕಿಪೊಟ್ಟಣಕ್ಕೆ ಮೂರು ಕಾರಣ ಕೇಳುವುದನ್ನು ಶ್ರೀಶೈಲಪ್ಪ ಬಿಟ್ಟಿರಲಿಲ್ಲ. ಭಾಂಡೆಗೆ ಮಾತ್ರ ಆಕೆ ಕೈ ಚಾಚಿದರೆ ದುಡ್ಡಿನ ಗಲ್ಲೆ ತೆರೆದು ಕೊಡುತ್ತಿದ್ದ, ಮುಖ ನೋಡದೆ. ಐದು ವರ್ಷದಲ್ಲಿ ಅಟ್ಟ ತುಂಬಿ, ಎರಡು ಹಂಡೆ ನನ್ನ ಕೋಣೆಗೂ ಬಂದವು.

ಎಪ್ಪತ್ತೊಂಬತ್ತರ ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಇಬ್ಬರು ಬಂದರು. ದೇವರ ಹಿಪ್ಪರಗಿಯ ಬಸಂತರಾಯ, ತೊಗರಿಯ ವ್ಯಾಪಾರಿ. ಜೊತೆಗೆ ಅವನ ಅಕ್ಕ ಶಂಕ್ರೆವ್ವ. ಕೈಯಲ್ಲಿ ಎಲೆ ಅಡಿಕೆಯ ಚೀಲ. ಶ್ರೀಶೈಲಪ್ಪ ನನ್ನನ್ನೂ ಕರೆದ. ಯಾಕೆ ಬಂದರೆಂದು ತಿಳಿಯದೆ ನಾವಿಬ್ಬರೂ ಜಮಖಾನೆಯ ತುದಿಯಲ್ಲಿ ಕೂತೆವು.

“ಚಮನಸಾಬ ಹೇಳಿದ್ರಿ,” ಅಂದ ಬಸಂತರಾಯ. “ಭಾಂಡೆ ಕೊಳ್ಳಾಕ ಹೋಗಿದ್ವಿ. ತಂಗಡಗ್ಯಾಗ ಒಂದ ಕನ್ಯಾ ಐತಿ, ಹೆಸರ ಹೊನ್ನವ್ವ, ಅವರವ್ವ ಹತ್ತ ಮದಿವಿಗಾಗುವಷ್ಟು ಭಾಂಡೆ ಕೂಡಿಸ್ಯಾಳ, ಒಮ್ಮೆ ನೋಡಿ ಬರ್ರಿ ಅಂದ. ನಮ್ಮ ತಮ್ಮ ಅದಾನ್ರಿ, ಬಾಗೇವಾಡ್ಯಾಗ ಅಂಗಡಿ ಐತಿ. ಈಗ ಮಾತಾಡಿ ಇಡೂಣು. ಮದಿವಿ ಆಮ್ಯಾಲ.”

ಹುಡುಗಿಗೆ ಹದಿನೆಂಟು ತುಂಬಬೇಕೆಂದು ಸರಕಾರ ಆಗಷ್ಟೇ ಕಾನೂನು ಮಾಡಿತ್ತು. ಅದನ್ನು ಹೇಳಬಹುದಿತ್ತು. ನನಗೆ ಹೊಳೆದದ್ದು ಸಂಜೆ.

ಸಿದ್ದಲಿಂಗವ್ವ ಚಹಾ ತಂದವಳು ನಡುಮನೆಯ ಬಾಗಿಲಲ್ಲೇ ನಿಂತಿದ್ದಳು.

“ಈಗಽ ಬ್ಯಾಡ್ರಿ,” ಅಂದ ಶ್ರೀಶೈಲಪ್ಪ.

“ಯಾಕ್ರಿ?”

“ಬಾಗೇವಾಡಿ ದೂರ ಆಕ್ಕೈತಿ.”

“ಎರಡ ಬಸ್ಸಿನ ಹಾದಿ. ದೂರಂದ್ರ ಏನ್ರಿ?”

“ಒಬ್ಬಾಕಿನಽ ಮಗಳು.”

“ಹಬ್ಬಕ್ಕೊಮ್ಮೆ ನಾವಽ ಕರಕೊಂಡ ಬರ್ತೇವಲ್ರಿ,” ಅಂದಳು ಶಂಕ್ರೆವ್ವ.

ಮೂರನೆಯದಕ್ಕೆ ಅವನು ತಡಕಾಡಿದ. ಅಷ್ಟು ಹೊತ್ತಿಗೆ ಶಂಕ್ರೆವ್ವ ಗೂಡಿನಲ್ಲಿದ್ದ ಟೊಪ್ಪಿಗೆ ನೋಡಿ ಎದ್ದು ಹೋಗಿ ಅದನ್ನು ತೆಗೆದಿದ್ದಳು. “ಯವ್ವಾ, ಏನಿದು, ಕೊಡಕ್ಕ ಕಿಟಕಿ? ಇದಕೇನ ರೊಕ್ಕ ಸುರದೀರೊ! ಯಾರ ಹಾಕ್ಕೋತಾರ?”

“ಅಕಿದು,” ಅಂದ ಶ್ರೀಶೈಲಪ್ಪ.

“ಭಾಳ ಅಕ್ಕರತಿ ಕಂಡಾಳ ಹುಡುಗಿ. ಒಲ್ಲೆ ಅನ್ನಾಕ ಕಾರಣಽ ಇಲ್ಲ ನೋಡ್ರಿ ನಿಮಗ. ಕರೀರಿ ಹುಡುಗೀನ್ನ, ಒಮ್ಮಿ ಮಾರಿ ನೋಡೂಣು.”

ಶ್ರೀಶೈಲಪ್ಪ ಹೆಂಡತಿಯ ಕಡೆ ನೋಡಿದ. ಆಕೆ ಬೇಡವೆಂದೂ ಅನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಐದು ವರ್ಷದಲ್ಲಿ ಒಮ್ಮೆಯೂ ಬಾಯಿಗೆ ಬಾರದ ಮಾತನ್ನು ಅವನು ಆಗ ಆಡಿದ. ಕೂಗಬೇಕಾಗಿರಲಿಲ್ಲ, ಇವರ ಕಿವಿ ಚೆನ್ನಾಗಿದ್ದವು.

“ಅಕಿ ಇಲ್ರಿ.”

“ಹೌದೇನು,” ಅಂದಳು ಶಂಕ್ರೆವ್ವ, ಟೊಪ್ಪಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡು ಮತ್ತೆ ಕೂಡುತ್ತ. “ಎಲ್ಲಿ ಹೋಗ್ಯಾಳ? ಸಾಲಿ ಇನ್ನೂ ಬಿಟ್ಟಿಲ್ಲೇನು? ಇರ್ಲಿ, ನಮ್ಮ ಬಸ್ಸ ಐದಕ್ಕ ಐತಿ. ಬರೂತನಕ ಕುಂದರ್ತೇವಿ.”

ಶ್ರೀಶೈಲಪ್ಪನಿಗೆ ಎರಡನೆಯ ಸಲ ಹೇಳಲು ಆಗಲಿಲ್ಲ. ಸಿದ್ದಲಿಂಗವ್ವ ಚಹಾ ಕೊಟ್ಟು, ಕಾಯುವವರಿಗೆ ತಿನ್ನಲಿಕ್ಕೆ ಏನಾದರೂ ಮಾಡಬೇಕೆಂದು ಒಳಗೆ ಹೋದಳು. ರವೆ ಹುರಿಯುವ ವಾಸನೆ ಬಂತು. ಬಸಂತರಾಯ ನನ್ನ ಕಡೆ ತಿರುಗಿ, ಈ ಊರಿಗೆ ಟಪಾಲು ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳಿದ. ಹೇಳಿದೆ. ಆಗ ಗಂಟೆ ಮೂರೂ ಹತ್ತಾಗಿತ್ತು, ಅವರ ಬಸ್ಸಿಗೆ ಇನ್ನೂ ಹತ್ತಿರ ಹತ್ತಿರ ಎರಡು ತಾಸು.